ಮುಯ್ಯಿ ತಟ್ಟೆಗಳು

ಹುಣಸೂರಿನಲ್ಲಿ ನಾವು ಮನೆ ಕಟ್ಟಿಸಿದಾಗ ನಮ್ಮ ಬಡಾವಣೆ ಊರಿನ ಹೊರಗಿತ್ತು. ಈಗ ಅದರ ಆಚೆಗೂ ಬಡಾವಣೆಗಳೆದ್ದು ನಾವೇ ಊರೊಳಗಿನವರಾಗಿದ್ದೇವೆ. ನನ್ನ ಗಂಡನಿಗೆ ಪೇಟೆಯಲ್ಲಿ ಗೊಬ್ಬರದ ಅಂಗಡಿ. ನಾನು ಪಿರಿಯಾಪಟ್ಟಣದ ಶಾಲೆಯೊಂದರಲ್ಲಿ ಟೀಚರು. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಮಗಳು ಅಂಗನವಾಡಿಗೆ ಹೋಗುವ ವಯಸ್ಸಿಗೆ ಬಂದಾಗ ಅವಳನ್ನು ನೋಡಿಕೊಳ್ಳಲೆಂದು ನಮ್ಮ ಅತ್ತೆ ಸರಗೂರಿನ ಕಡೆಯ ತಮ್ಮ ಊರಿನಿಂದ ಬಂದರು. ಅಲ್ಲಿಯ ಜಮೀನನ್ನು ನನ್ನ ಮೈದುನ ನೋಡಿಕೊಳ್ಳುತ್ತಾನೆ. ಒಂದೆರಡು ತಿಂಗಳಿಗೆಂದು ಬಂದ ಅತ್ತೆ ಇಲ್ಲೇ ನಿಂತುಬಿಟ್ಟರು. ಬಂದ ವಾರದಲ್ಲೇ ಬೀದಿಯ ಎಲ್ಲ ಮನೆಯ ಅಡುಗೆಕೋಣೆಯನ್ನೂ ನೋಡಿ ಬಂದಿದ್ದರು. ವರ್ಷಗಟ್ಟಲೆಯಿಂದ ಅಲ್ಲಿದ್ದ ನನಗೆ ಎದುರು ಮನೆಯವರ ಪರಿಚಯ ನಮಸ್ಕಾರದಷ್ಟೇ ಇತ್ತು.

ನಮ್ಮ ಬೀದಿಯ ಹಿಂದೆ ಒಂದು ಕಾಲುವೆ ಇದೆ. ಮಳೆನೀರು ಅದರಲ್ಲಿ ಹರಿದು ಲಕ್ಷ್ಮಣತೀರ್ಥ ಹೊಳೆ ಸೇರುತ್ತದೆ. ಒಂದು ವರ್ಷ, ಮುಂಗಾರು ಹಿಡಿಯುವ ಮುಂಚೆ ಬಂದ ದೊಡ್ಡ ಮಳೆಗೆ, ಕಾಲುವೆಯ ಮೋರಿ ಕಟ್ಟಿಕೊಂಡು ನೀರು ಬೀದಿಗೆ ನುಗ್ಗಿತು. ತಗ್ಗಿನಲ್ಲಿದ್ದ ಎರಡು ಮೂರು ಮನೆಗಳಲ್ಲಿ ಹಾಸಿಗೆಗಳೆಲ್ಲ ನೆನೆದುಹೋದವು. ಗಂಡಸರು ಛತ್ರಿ ಹಿಡಿದು ನಿಂತು ಯಾರಿಗೆ ಫೋನು ಮಾಡಬೇಕೆಂದು ಮಾತಾಡುತ್ತಿದ್ದರು. ಅತ್ತೆ ಸೀರೆ ಎತ್ತಿ ಕಟ್ಟಿ, ಅಂಗಳ ಬಳಿಯುವ ಸಲಿಕೆ ಹಿಡಿದು ಮೋರಿಯ ಬಾಯಿಗೆ ಇಳಿದರು. ನಾನು ಬೇಡವೆಂದು ಕೂಗುತ್ತಲೇ ಅವರ ಹಿಂದೆ ಇಳಿದೆ. ಮೋರಿಯಿಂದ ಮಣ್ಣಿಗಿಂತ ಹೆಚ್ಚಾಗಿ ಬಂದದ್ದು ಊಟದ ತಟ್ಟೆ, ಲೋಟ, ನೀರಿನ ಬಾಟಲಿ. ಪ್ಲಾಸ್ಟಿಕ್ ಬಳಿದ ಕಾಗದದ ತಟ್ಟೆಗಳು ಒಂದಕ್ಕೊಂದು ಅಂಟಿಕೊಂಡು ಹಲಗೆಯ ಹಾಗೆ ಗಟ್ಟಿಯಾಗಿದ್ದವು. ಅವನ್ನು ಎಳೆದು ಹಾಕುತ್ತಿದ್ದ ಅತ್ತೆ ಒಂದನ್ನು ಕೈಯಲ್ಲೇ ಹಿಡಿದು ನಿಂತರು. ಅದರ ಮೇಲೆ ಹಸಿರು ಬಾಳೆಎಲೆಯ ಚಿತ್ರ ಅಚ್ಚಾಗಿತ್ತು. ನಮ್ಮ ಗೃಹಪ್ರವೇಶಕ್ಕೆ ನನ್ನ ಗಂಡ ಮೈಸೂರಿನಿಂದ ತಂದಿದ್ದ ತಟ್ಟೆ ಅದು. ನಮ್ಮ ಬೀದಿಯಲ್ಲಿ ಬೇರೆ ಯಾರೂ ಅಂಥದನ್ನು ತಂದಿರಲಿಲ್ಲ. ಅಷ್ಟು ಮಳೆ ಬಿಸಿಲು ಕಂಡರೂ ಎಲೆಯ ನರಗಳು ಕೂಡ ಅಳಿಸಿರಲಿಲ್ಲ.

ಅತ್ತೆ ಅದನ್ನು ಮಗನಿಗೆ ತೋರಿಸಿದರು. ಬೈಯಲಿಲ್ಲ. "ನಮ್ಮನೆ ಊಟ ಇನ್ನೂ ಇಲ್ಲೇ ಕೂತದೆ ನೋಡಪ್ಪ," ಎಂದಷ್ಟೇ ಹೇಳಿ ಮತ್ತೆ ಸಲಿಕೆ ಹಿಡಿದರು. ಆಮೇಲೆ ಛತ್ರಿಗಳು ಒಂದೊಂದಾಗಿ ಮಡಿಚಿಕೊಂಡವು. ಸಂಜೆಗೆ ನೀರು ಇಳಿಯಿತು.

ಮುಂದಿನ ಭಾನುವಾರ ಅವರು ನನ್ನನ್ನು ಅಟ್ಟ ಹತ್ತಿಸಿ ಹಳೆಯ ಗೋಣಿಚೀಲಗಳನ್ನು ಇಳಿಸಿದರು. ಒಳಗೆ ಸ್ಟೀಲಿನ ತಟ್ಟೆಗಳು. ನಮ್ಮ ಮದುವೆಗೆ ಬಂದ ಮುಯ್ಯಿ. ನಮ್ಮ ಕಡೆ ಮದುವೆಗೆ ಬಂದವರು ಕೊಡುವ ಕಾಣಿಕೆಗೆ ಮುಯ್ಯಿ ಎನ್ನುತ್ತೇವೆ. ಹಿಂದೆ ಪಾತ್ರೆಯನ್ನೇ ಮುಯ್ಯಿ ಮಾಡುವವರು ಹೆಚ್ಚು, ಕೊಟ್ಟವರು ತಮ್ಮ ಹೆಸರನ್ನೂ ಊರನ್ನೂ ಅದರ ಮೇಲೆ ಕೊರೆಸಿರುತ್ತಿದ್ದರು. ಎಲ್ಲ ಮನೆಯ ಅಟ್ಟದಲ್ಲೂ ಇಂಥ ಚೀಲಗಳಿರುತ್ತವೆ. ಯಾರೂ ಬಳಸುವುದಿಲ್ಲ, ಯಾರೂ ಎಸೆಯುವುದಿಲ್ಲ. ಅತ್ತೆಯ ಯೋಚನೆ ಇಷ್ಟೇ: ಬೀದಿಯ ಎಲ್ಲ ಮನೆಯ ತಟ್ಟೆಗಳನ್ನೂ ಒಂದೆಡೆ ಸೇರಿಸುವುದು; ಯಾರ ಮನೆಯಲ್ಲಿ ನಾಮಕರಣವಾಗಲಿ, ತಿಥಿಯಾಗಲಿ, ಅವರು ಒಯ್ದು ಉಣಬಡಿಸಿ ತೊಳೆದು ತಂದಿಡುವುದು. ಬಾಳೆಎಲೆ ಆಗುವುದಿಲ್ಲವೇ ಎಂದು ನಾನು ಕೇಳಿದೆ. ಕೂತು ಉಣ್ಣುವವರಿಗೆ ಎಲೆಯೇ ಸರಿ, ಆದರೆ ಈಗ ನಮ್ಮ ಬೀದಿಯವರು ನಿಂತು ಉಣ್ಣುವುದನ್ನು ಕಲಿತಿದ್ದಾರಲ್ಲ, ಎಲೆಯನ್ನು ಕೈಯಲ್ಲಿ ಹಿಡಿದು ನಿಲ್ಲಲಾಗುತ್ತದೆಯೇ ಎಂದು ಅವರೇ ತಿರುಗಿ ಕೇಳಿದರು.

ಅವರು ಮನೆಮನೆಗೆ ಹೋಗಿ ತಟ್ಟೆ ಕೇಳಿದ ರೀತಿ ನನಗೆ ಇವತ್ತಿಗೂ ಇಷ್ಟ. ಪರಿಸರ, ಪ್ಲಾಸ್ಟಿಕ್ಕು ಎಂಬ ಮಾತೇ ಬರುತ್ತಿರಲಿಲ್ಲ. ಹೋಗಿ ಕೂರುವುದು, ಕಾಫಿ ಕುಡಿಯುವುದು, ನಿಮ್ಮ ಮದುವೆ ಎಲ್ಲಿ ಆಯಿತು, ಯಾರು ಯಾರು ಬಂದಿದ್ದರು ಎಂದು ಕೇಳುವುದು. ಹೆಂಗಸರು ಮಾತಿಗೆ ಬಿದ್ದು ತಾವೇ ಅಟ್ಟ ಹತ್ತಿ ಚೀಲ ಇಳಿಸಿ ತೋರಿಸುತ್ತಿದ್ದರು. ಇದು ನಮ್ಮ ಸೋದರಮಾವ ಕೊಟ್ಟದ್ದು, ಇದು ನಮ್ಮ ಚಿಕ್ಕಮ್ಮನದು, ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು ಎನ್ನುವರು. ಆಗ ಅತ್ತೆ, ಇವನ್ನು ಕತ್ತಲಲ್ಲಿ ಇಟ್ಟು ಏನು ಮಾಡುತ್ತೀರಿ, ನಾಲ್ಕು ಜನ ಉಣ್ಣಲಿ ಬಿಡಿ ಎನ್ನುವರು. ಹೀಗೆ ನಮ್ಮ ಕಾರ್ ಶೆಡ್ಡು ತಟ್ಟೆಗಳಿಂದ ತುಂಬಿತು. ಅಲ್ಲಿ ಕಾರು ಯಾವತ್ತೂ ಇರಲಿಲ್ಲ, ಕೊಳ್ಳುವ ಆಸೆಗೆಂದು ಕಟ್ಟಿಸಿದ್ದೆವು ಅಷ್ಟೆ.

ನಮ್ಮ ಬೀದಿಯ ಕಸ ತೆಗೆದುಕೊಂಡು ಹೋಗಲು ಒಬ್ಬ ಪೌರಕಾರ್ಮಿಕ ಹೆಂಗಸು ಬರುತ್ತಿದ್ದಳು, ಈಗಲೂ ಬರುತ್ತಾಳೆ. ನನಗಿಂತ ತುಸು ದೊಡ್ಡವಳು. ಬೀದಿಯಲ್ಲಿ ಊಟವಾದ ಮಾರನೆ ದಿನ ಅವಳ ಗಾಡಿಯಲ್ಲಿ ಬರೀ ತಟ್ಟೆ ಲೋಟ ತುಂಬಿ ಚೆಲ್ಲುತ್ತಿತ್ತು. ಅತ್ತೆ ಶೆಡ್ಡಿನಲ್ಲಿ ತಟ್ಟೆ ಒರೆಸುತ್ತಿರುವುದನ್ನು ಗೇಟಿನಾಚೆ ನಿಂತು ನೋಡಿ, ತನ್ನ ಮನೆಯಲ್ಲೂ ಕೆಲವು ಇವೆ, ತರಲೇ ಎಂದು ಕೇಳಿದಳು. "ತತ್ತಾ ಮಗ, ಕೇಳ್ತೀಯಲ್ಲ," ಎಂದರು ಅತ್ತೆ. ಮಾರನೆ ದಿನ ಅವಳು ಸೆರಗಿನಲ್ಲಿ ಸುತ್ತಿ ತಂದ ತಟ್ಟೆಗಳನ್ನು ಅತ್ತೆ ಎಣಿಸಲಿಲ್ಲ, ಬೇರೆ ಇಡಲೂ ಇಲ್ಲ. ಇದ್ದ ರಾಶಿಗೇ ಸೇರಿಸಿದರು.

ಮೊದಲ ಊಟ ಎದುರು ಮನೆಯ ಮೊಮ್ಮಗಳ ನಾಮಕರಣ. ತಟ್ಟೆ ತೊಳೆಯಲು ನೀರು ಎಷ್ಟು ಬೇಕು, ಅದಕ್ಕಿಂತ ಎಸೆಯುವುದೇ ಮೇಲಲ್ಲವೇ ಎಂದು ನನ್ನ ಗಂಡ ಅನುಮಾನ ತೆಗೆದಿದ್ದರು. ನನಗೂ ಆ ಅನುಮಾನವಿತ್ತು. ನಾನು ಚುಂಚನಕಟ್ಟೆ ಕಡೆಯ ಗದ್ದೆಸೀಮೆಯವಳು. ತವರಿನ ಹಿತ್ತಲಲ್ಲೇ ನಾಲೆ. ಪಾತ್ರೆ ತೊಳೆಯುವುದೆಂದರೆ ನನಗೆ ಹರಿಯುವ ನೀರಿಗೆ ಒಡ್ಡುವುದು. ಅತ್ತೆ ಮಳೆ ನಂಬಿದ ಬೆದ್ದಲು ಸೀಮೆಯವರು. ಅವರು ಮೊದಲು ತಟ್ಟೆಗಳನ್ನು ಬೂದಿ ಹಾಕಿ ತೆಂಗಿನ ನಾರಿನಲ್ಲಿ ಒಣದಾಗಿಯೇ ಉಜ್ಜಿಸಿದರು. ಆಮೇಲೆ ಸಾಲಾಗಿ ಇಟ್ಟ ಮೂರು ಟಬ್ಬುಗಳಲ್ಲಿ ಒಂದಾದ ಮೇಲೊಂದರಲ್ಲಿ ಅದ್ದಿ ತೆಗೆಸಿದರು. ಮೊದಲನೆಯದು ಕೊಳೆಯಾದರೆ ಅದನ್ನು ಬಾಳೆಗಿಡಕ್ಕೆ ಚೆಲ್ಲುವುದು, ಎರಡನೆಯದನ್ನು ಮುಂದಕ್ಕೆ ಸರಿಸುವುದು, ಕೊನೆಗೊಂದು ಹೊಸ ಟಬ್ಬು ತುಂಬುವುದು. ಅಂದು ಬೀದಿಯ ಹೆಂಗಸರೆಲ್ಲ ಕೂತು ಮಾತಾಡುತ್ತಾ ತೊಳೆದರು. ಯಾವ ಮನೆಯಲ್ಲಿ ಯಾರಿಗೆ ಕಾಲುನೋವು, ಯಾರ ಮಗಳು ಓದಿನಲ್ಲಿ ಮುಂದು ಎಂಬುದೆಲ್ಲ ನನಗೆ ತಿಳಿದದ್ದು ಆವತ್ತೇ.

ಒಂದು ವರ್ಷ ಹೀಗೆ ಸಣ್ಣಪುಟ್ಟ ಊಟಗಳಾದವು. ಆಮೇಲೆ ದೊಡ್ಡದೊಂದು ಬಂತು. ನಮ್ಮ ಬೀದಿಯ ಮೂಲೆಮನೆಯ ಯಜಮಾನರ ಮಗನ ಮದುವೆ. ಯಜಮಾನರು ಹೊಗೆಸೊಪ್ಪಿನ ದೊಡ್ಡ ಬೆಳೆಗಾರರು, ಬಡಾವಣೆಯಲ್ಲಿ ಮೊದಲು ಮನೆ ಕಟ್ಟಿದವರು, ಬೀದಿಯ ಯಾವ ಮಾತೂ ಅವರನ್ನು ದಾಟಿ ಹೋಗುವುದಿಲ್ಲ. ಮದುವೆಯಾದ ಮೇಲಿನ ಬೀಗರ ಊಟಕ್ಕೆ ಸಾವಿರಾರು ಜನ ಬರುವವರಿದ್ದರು. ಅವರ ಹೆಂಡತಿ ಅತ್ತೆಯ ಜೊತೆ ತಟ್ಟೆ ತೊಳೆದವರೇ ಆದ್ದರಿಂದ, ನಮ್ಮ ತಟ್ಟೆಗಳನ್ನೇ ತರಿಸೋಣ, ಸರದಿಯ ಮೇಲೆ ತೊಳೆದು ಕೊಡೋಣ ಎಂದು ಗಂಡನನ್ನು ಒಪ್ಪಿಸಿದ್ದರು. ಊಟಕ್ಕೆ ಎರಡು ದಿನವಿದೆ ಎನ್ನುವಾಗ, ಒಂದು ಸಂಜೆ ನಾನು ಬಸ್ಸಿಳಿದು ಬಂದ ಹೊತ್ತಿಗೆ ಯಜಮಾನರು ನಮ್ಮ ಜಗಲಿಯಲ್ಲಿ ಕುಳಿತಿದ್ದರು. ಕಾಫಿ ಆರುತ್ತಿತ್ತು.

ಬಹಳ ಸುತ್ತುಬಳಸಿ ಅವರು ವಿಷಯಕ್ಕೆ ಬಂದರು. ಪಿರಿಯಾಪಟ್ಟಣದ ಕಡೆಯ ನೆಂಟರೊಬ್ಬರು ತಟ್ಟೆಗಳ ಸಂಗತಿ ಕೇಳಿ, ಅವು ಯಾರು ಯಾರ ಮನೆಯವು ಎಂದು ವಿಚಾರಿಸಿದ್ದರಂತೆ. ಕಸದ ಹೆಂಗಸಿನ ಮನೆಯವೂ ಅದರಲ್ಲಿವೆ ಎಂಬುದು ಹೇಗೋ ಅವರ ಕಿವಿಗೆ ಬಿದ್ದಿತ್ತು. ತಮಗೇನೂ ಇಲ್ಲ, ಆದರೆ ಬೀಗರು ಬರುವ ಊಟ, ಯಾರಾದರೂ ಎದ್ದು ಹೋದರೆ ಮಾನ ಹೋಗುತ್ತದೆ ಎಂದರು. "ನಮ್ಮ ಜನದ್ ತಟ್ಟೆ ಒಂದ್ಕಡೆ ಎತ್ತಿಟ್ಬುಡಿ ಅಕ್ಕ. ಅಷ್ಟು ಸಾಕು," ಎಂದರು.

ಜಗಳವಾಗುತ್ತದೆ, ಇಲ್ಲವೇ ಎಲ್ಲ ಇಲ್ಲಿಗೆ ಮುಗಿಯುತ್ತದೆ ಎಂದುಕೊಂಡೆ.

"ನಂಗೆ ಓದಾಕೆ ಬರಾಕಿಲ್ಲ ಕಣಪ್ಪ," ಎಂದರು ಅತ್ತೆ. "ಶೆಡ್ಡಲ್ಲಿ ದೀಪ ಹಾಕ್ತೀನಿ. ಹೆಸ್ರು ನೋಡ್ಕಂಡು ನೀವೇ ಆರಿಸ್ಕಳಿ."

ನಾನು ಅವರ ಮುಖ ನೋಡಿದೆ. ನಮ್ಮ ಅತ್ತೆ ತಮ್ಮ ಕಾಲದಲ್ಲಿ ಏಳನೇ ಕ್ಲಾಸು ಪಾಸಾದವರು. ದಿನಾ ಬೆಳಿಗ್ಗೆ ನನಗಿಂತ ಮುಂಚೆ ಪೇಪರು ಓದುತ್ತಾರೆ. ಅವರ ಮುಖದಲ್ಲಿ ಮಾತ್ರ ಏನೂ ಬದಲಾಗಿರಲಿಲ್ಲ.

ಯಜಮಾನರು ಶೆಡ್ಡಿಗೆ ಹೋಗಿ ಸ್ಟೂಲಿನ ಮೇಲೆ ಕುಳಿತರು. ಕನ್ನಡಕ ಹಾಕಿಕೊಂಡು ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಮೊದಮೊದಲು ಬೇಗಬೇಗ ಎತ್ತಿ ಎರಡು ರಾಶಿ ಮಾಡತೊಡಗಿದರು. ಬರಬರುತ್ತ ಕೈ ನಿಧಾನವಾಯಿತು. ಕೆಲವು ಹೆಸರು ಅವರಿಗೆ ಗೊತ್ತಿದ್ದವರದು. ಇವರು ನಮ್ಮ ಜೊತೆ ಓದಿದವರು, ಇವರದು ಕೆ.ಆರ್. ನಗರದಲ್ಲಿ ಅಕ್ಕಿ ಗಿರಣಿ ಇತ್ತು ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ನಾನು ಅಡುಗೆಗೆ ಕೈಹಾಕದೆ ಬಾಗಿಲಲ್ಲೇ ನಿಂತಿದ್ದೆ.

ಆಗ ಅವರು ಒಂದು ತಟ್ಟೆ ಹಿಡಿದು ಎದ್ದು ನಿಂತರು. ಅದನ್ನು ದೀಪದ ಹತ್ತಿರಕ್ಕೆ ಒಯ್ದು ಮತ್ತೆ ಓದಿದರು. "ಇದು ನಮ್ಮವ್ವಂದು," ಎಂದರು.

ಅವರ ತಾಯಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ನಿಮ್ಮ ಮನೆಯಿಂದ ಬಂದದ್ದಿರಬೇಕು ಎಂದು ನಾನು ಹೇಳಿದೆ. ಅಲ್ಲ, ನಾವು ಕೊಟ್ಟದ್ದೆಲ್ಲ ನಮ್ಮ ಮನೆಗೆ ಬಂದ ಮುಯ್ಯಿ, ಅದರಲ್ಲಿ ಬೇರೆಯವರ ಹೆಸರಿರುತ್ತದೆ ಎಂದರು ಅವರು. ಹೇಳುತ್ತಿರುವಾಗಲೇ ಅವರಿಗೆ ತಾವು ಮಾಡುತ್ತಿದ್ದ ಕೆಲಸದ ತಪ್ಪು ಹೊಳೆದಿರಬೇಕು. ತಟ್ಟೆಯ ಮೇಲೆ ಇರುವುದು ಕೊಟ್ಟವರ ಹೆಸರು. ಅದು ಯಾರ ಮನೆಗೆ ಹೋಯಿತು, ಯಾರ ಅಟ್ಟದಲ್ಲಿತ್ತು ಎಂಬುದು ಹೆಸರಿನಿಂದ ತಿಳಿಯುವುದಿಲ್ಲ.

"ಅದು ನಮ್ಮ ಬೀದಿ ಗುಡಿಸೋ ಮಗಳು ತಂದುದ್ದು," ಎಂದರು ಅತ್ತೆ. "ಅವಳ ಮದ್ವೆಗೆ ನಿಮ್ಮವ್ವ ಓಗಿ ಮುಯ್ಯಿ ಮಾಡಿದ್ರಂತೆ. ಅವರಪ್ಪ ನಿಮ್ಮ ಒಲದಲ್ಲಿ ಸೊಪ್ಪು ಕುಯ್ಯಾಕೆ ಬತ್ತಿದ್ನಂತಲ್ಲ."

ಯಜಮಾನರು ತಟ್ಟೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು, ಅಲ್ಲೇನೋ ಬರೆದಿದೆಯೇನೋ ಎಂಬ ಹಾಗೆ. ಆಮೇಲೆ ಮೆಲ್ಲಗೆ, "ನಮ್ಮವ್ವ ಅಲ್ಲಿ ಉಂಡಿದ್ಲಾ?" ಎಂದು ಕೇಳಿದರು.

"ಅದು ನಂಗೊತ್ತಿಲ್ಲ ಕಣಪ್ಪ. ಅವಳನ್ನೇ ಕೇಳಿ," ಎಂದರು ಅತ್ತೆ.

ಅವರು ಎರಡು ರಾಶಿಯನ್ನೂ ಹಾಗೇ ಬಿಟ್ಟು ಹೋದರು. ತಾಯಿಯ ತಟ್ಟೆಯನ್ನು ಸ್ಟೂಲಿನ ಮೇಲೆ ಇಟ್ಟಿದ್ದರು, ಯಾವ ರಾಶಿಗೂ ಸೇರಿಸಿರಲಿಲ್ಲ. ಮಾರನೆ ಬೆಳಿಗ್ಗೆ ಅವರು ಕಸದ ಗಾಡಿ ಬರುವುದನ್ನೇ ಕಾಯುತ್ತ ತಮ್ಮ ಮನೆಯ ಗೇಟಿನಲ್ಲಿ ನಿಂತದ್ದನ್ನು ಬಸ್ಸಿಗೆ ಹೊರಟಿದ್ದ ನಾನು ಕಂಡೆ. ಅವರು ಏನು ಕೇಳಿದರು, ಅವಳು ಏನು ಹೇಳಿದಳು ಎಂಬುದನ್ನು ಅವಳೇ ಆಮೇಲೆ ಅತ್ತೆಗೆ ಹೇಳಿದಳು. ಯಜಮಾನರ ತಾಯಿ ಉಂಡಿದ್ದರಂತೆ. ಚಪ್ಪರದ ಕೆಳಗೆ ಎಲ್ಲರ ಜೊತೆ ಅಲ್ಲ, ಹಿತ್ತಲ ಹುಣಸೆಮರದ ಮರೆಯಲ್ಲಿ ಕೂತು, ಯಾರಾದರೂ ಕಂಡಾರು ಎಂದು ಆಗಾಗ ಬೀದಿ ನೋಡುತ್ತ ಉಂಡಿದ್ದರಂತೆ. ಪಾಯಸ ಎರಡು ಸಲ ಹಾಕಿಸಿಕೊಂಡಿದ್ದರಂತೆ. ಇದನ್ನು ಕೇಳಿ ಯಜಮಾನರು ಒಳಗೆ ಹೋದರಂತೆ.

ಸಂಜೆ ಅವರ ಟ್ರ್ಯಾಕ್ಟರು ಬಂತು. ಎರಡು ರಾಶಿಯನ್ನೂ ಅತ್ತೆ ಅಷ್ಟರಲ್ಲಿ ಬೆರೆಸಿಬಿಟ್ಟಿದ್ದರು. ಟ್ರ್ಯಾಕ್ಟರಿನವನು ಅಷ್ಟನ್ನೂ ತುಂಬಿಕೊಂಡು ಹೋದ. ಯಜಮಾನರ ಹೆಂಡತಿ ಅತ್ತೆಗೆ ಕುಂಕುಮ ಕೊಟ್ಟು ಊಟಕ್ಕೆ ಕರೆದರು. ಹಾಗೇ ಗಾಡಿಯ ಹೆಂಗಸಿನ ಮನೆ ಎಲ್ಲಿದೆ ಎಂದು ಕೇಳಿಕೊಂಡು ಅಲ್ಲಿಗೂ ಹೋದರು.

ಬೀಗರ ಊಟದ ದಿನದ ಗದ್ದಲ ಹೇಳಿ ಮುಗಿಯುವುದಲ್ಲ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು. ಮಟನ್ ಜಿಡ್ಡು ನಾಮಕರಣದ ಪಾಯಸದಂತೆ ಒಂದೇ ಉಜ್ಜಿಗೆ ಹೋಗುವುದಲ್ಲ. ಛತ್ರದ ಹಿಂದೆ ಬಿಸಿನೀರಿನ ಕೊಳಗ ಇಟ್ಟು, ಸೀಗೆಪುಡಿ ಸುರಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೆಂಗಸರು ಸರದಿಯ ಮೇಲೆ ಕುಳಿತರು. ಒಂದು ಹಂತದಲ್ಲಿ ತಟ್ಟೆ ಸಾಲದೆ ಸಾಲು ನಿಂತುಬಿಟ್ಟಿತು. ಯಾರೋ ಪೇಟೆಯಿಂದ ಕಾಗದದ ತಟ್ಟೆ ತರಿಸಿ ಎಂದು ಗೊಣಗಿದರು. ಆಗ ಯಜಮಾನರೇ ರೇಷ್ಮೆ ಪಂಚೆಯನ್ನು ಮೇಲಕ್ಕೆ ಕಟ್ಟಿ ಹಿಂದಕ್ಕೆ ಬಂದರು. ಅವರನ್ನು ನೋಡಿ ಇನ್ನೂ ಕೆಲವು ಗಂಡಸರು ಬಂದರು. ನನ್ನ ಗಂಡನೂ ಬಂದರು. ಅವರು ಮನೆಯಲ್ಲಿ ಒಂದು ಲೋಟ ತೊಳೆದದ್ದನ್ನೂ ನಾನು ಅದುವರೆಗೆ ಕಂಡಿರಲಿಲ್ಲ. ಸಾಲು ಮತ್ತೆ ಹರಿಯಿತು.

ಗಾಡಿಯ ಹೆಂಗಸು ಹಸಿರು ಸೀರೆ ಉಟ್ಟು ಮಗಳ ಜೊತೆ ಬಂದಿದ್ದಳು. ಬಂದವಳೇ ಅಭ್ಯಾಸಬಲದಿಂದ ಹಿಂದಕ್ಕೆ ಬಂದು ಟಬ್ಬಿನ ಮುಂದೆ ಕೂರಲು ಹೋದಳು. ಅತ್ತೆ ಅವಳ ರಟ್ಟೆ ಹಿಡಿದು ಎಬ್ಬಿಸಿದರು. "ಇವತ್ತು ನೀನು ನೆಂಟ್ರು. ಓಗಿ ಕೂತ್ಕ," ಎಂದರು. ಅವಳು ಹೋಗಿ ಕುರ್ಚಿಯಲ್ಲಿ ಕೂತು, ಮಡಿಲ ಮೇಲೆ ತಟ್ಟೆ ಇಟ್ಟುಕೊಂಡು ಉಂಡಳು. ಪಿರಿಯಾಪಟ್ಟಣದ ನೆಂಟರೂ ಉಂಡರು. ಎದ್ದು ಹೋದವರು ಯಾರೂ ಇರಲಿಲ್ಲ. ಯಾರ ಕೈಗೆ ಯಾರ ಮನೆಯ ತಟ್ಟೆ ಬಂತೋ, ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಊಟ ಮುಗಿದಾಗ ಛತ್ರದ ಹಿಂದೆ ಉಳಿದದ್ದು ಎಲುಬು, ಒಂದಿಷ್ಟು ನೀರಿನ ಬಾಟಲಿ, ಅಷ್ಟೆ. ತೊಳೆದ ನೀರು ತೆಂಗಿನ ಪಾತಿಗೆ ಹರಿದಿತ್ತು.

ಆಮೇಲೆ ಎಲ್ಲವೂ ಸುಸೂತ್ರವಾಯಿತು ಎಂದರೆ ಸುಳ್ಳಾಗುತ್ತದೆ. ಪಕ್ಕದ ಬೀದಿಯವರೊಬ್ಬರು ಒಯ್ದ ತಟ್ಟೆಗಳನ್ನು ಜಿಡ್ಡಿನ ಸಮೇತ ತಂದಿಟ್ಟರು. ಇನ್ನೊಬ್ಬರು, ಮಗಳ ಮದುವೆಗೆ ಹಳೇ ತಟ್ಟೆಯೇ ಎಂದು ಮುಖ ತಿರುಗಿಸಿದರು. ನೀರಿನ ಬಾಟಲಿಯನ್ನು ಬಿಡಿಸಲು ಇವತ್ತಿಗೂ ಆಗಿಲ್ಲ. ಅತ್ತೆ ಇದರಿಂದ ಬೇಸರಪಟ್ಟುಕೊಂಡದ್ದನ್ನು ನಾನು ಕಂಡಿಲ್ಲ. ಜಿಡ್ಡಿನ ತಟ್ಟೆ ಬಂದರೆ ತಾವೇ ಮತ್ತೆ ಉಜ್ಜುತ್ತಿದ್ದರು, ಮುಂದಿನ ಸಲ ಅದೇ ಮನೆಯವರನ್ನು ಬೇರೆಯವರ ತಟ್ಟೆ ತೊಳೆಯಲು ಕರೆಯುತ್ತಿದ್ದರು. ಈಗ ನಮ್ಮ ಬಡಾವಣೆಯಲ್ಲಿ ಊಟವೆಂದರೆ ಮೊದಲು ತಟ್ಟೆ ಯಾವ ದಿನ ಸಿಗುತ್ತದೆ ಎಂದು ಕೇಳಿ ಆಮೇಲೆ ದಿನ ಗೊತ್ತು ಮಾಡುವವರಿದ್ದಾರೆ.

ನಮ್ಮ ಶಾಲೆಯಿಂದ ಒಮ್ಮೆ ನನ್ನನ್ನು ಮೈಸೂರಿನ ತರಬೇತಿಗೆ ಕಳಿಸಿದ್ದರು. ಮುಂದಿನ ಕಾಲದ ನಗರ ಹೇಗಿರಬೇಕು ಎಂಬುದೇ ವಿಷಯ. ಪರದೆಯ ಮೇಲೆ ಎಲ್ಲೆಲ್ಲಿಯ ಊರುಗಳನ್ನೋ ತೋರಿಸಿದರು. ಮಾಳಿಗೆಯ ಮೇಲೆ ತೋಟ, ಬಿಸಿಲಿನಿಂದ ಕರೆಂಟು, ಮಳೆನೀರು ಹಿಡಿಯುವ ರಸ್ತೆ. ನನಗೆ ಅದೆಲ್ಲ ನಿಜಕ್ಕೂ ಹಿಡಿಸಿತು. ಹುಣಸೂರಿಗೂ ಅದೆಲ್ಲ ಬರಲಿ ಎಂದು ಆಸೆಯಾಯಿತು. ಬಂದು ಅತ್ತೆಗೆ ಹೇಳಿದೆ. ಅವರು ಪೂರ್ತಿ ಕೇಳಿದರು. ಮಾಳಿಗೆ ತೋಟಕ್ಕೆ ಮಣ್ಣು ಹೊರುವವರು ಯಾರು, ರಸ್ತೆಯ ಕಸ ತೆಗೆಯುವವರು ಎಲ್ಲಿ ಇರುತ್ತಾರೆ, ಅವರ ಮನೆಯನ್ನೂ ತೋರಿಸಿದರೇ ಎಂದು ಕೇಳಿದರು. ತೋರಿಸಿರಲಿಲ್ಲ. ಅವರು ಕೇಳಿದ್ದು ಹಂಗಿಸಲು ಅಲ್ಲ, ತಿಳಿದುಕೊಳ್ಳಲು. ಈಗ ನಾನು ಅಂಥ ಚಿತ್ರ ಎಲ್ಲಿ ಕಂಡರೂ ಆ ಮನೆಗಳನ್ನು ಹುಡುಕುತ್ತೇನೆ.

ಕಳೆದ ವರ್ಷ ಸರಗೂರಿನಿಂದ ಅತ್ತೆಗೆ ಕರೆ ಬಂತು. ಅವರ ತಂಗಿಯ ಮಗಳಿರುವ ಬೀದಿಯಲ್ಲೂ ಹೀಗೇ ತಟ್ಟೆ ಕೂಡಿಸಬೇಕೆಂದಿದ್ದಾರೆ, ಬಂದು ನಾಲ್ಕು ಮಾತು ಹೇಳಬೇಕು ಎಂದು. ಅತ್ತೆಗೆ ಈಗ ಮಂಡಿ ನೋವು. ಭಾನುವಾರ ನಾನೇ ಜೊತೆಗೆ ಹೊರಟೆ. ಎಚ್.ಡಿ. ಕೋಟೆ ಕಡೆಗೆ ಒಂದು ಬಸ್ಸು, ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ ಇಳಿದು ಇನ್ನೊಂದು. ಅಲ್ಲಿ ಒಬ್ಬರ ಮನೆಯ ಅಂಗಳದಲ್ಲಿ ಹೆಂಗಸರು ಚಾಪೆ ಹಾಸಿಕೊಂಡು ಕೂತಿದ್ದರು. ಅತ್ತೆಗೆಂದು ಕುರ್ಚಿ ಇಟ್ಟಿದ್ದರು, ಹಾರವನ್ನೂ ತಂದಿದ್ದರು. ಅವರು ಹಾರವನ್ನು ಅಲ್ಲಿದ್ದ ಮಗುವಿನ ಕೊರಳಿಗೆ ಹಾಕಿ ಚಾಪೆಯ ಮೇಲೇ ಕುಳಿತರು. ಭಾಷಣ ಮಾಡಲು ಬರಲಿಲ್ಲ. ಪಕ್ಕದಲ್ಲಿ ಕೂತವಳನ್ನು ನಿಮ್ಮ ಮದುವೆ ಎಲ್ಲಿ ಆಯಿತು ಎಂದು ಕೇಳಿದರು. ಅವಳು ಶುರು ಮಾಡಿದಳು, ಇನ್ನೊಬ್ಬಳು ನಡುವೆ ಬಾಯಿ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಮೂರು ನಾಲ್ಕು ಚೀಲ ಬಿಚ್ಚಿಕೊಂಡಿದ್ದವು.

ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು, ಇಷ್ಟು ಮಾಡಿದರೆ ಊರು ಉಳಿಯುತ್ತದೆಯೇ ಅಜ್ಜಿ ಎಂದು ಕೇಳಿದಳು. ಅತ್ತೆ ಯೋಚಿಸಿ, "ಅದು ನಂಗೊತ್ತಿಲ್ಲ ಕಣವ್ವ," ಎಂದರು. ಆಮೇಲೆ ಅವಳಿಗೆ ತೆಂಗಿನ ನಾರನ್ನು ಉಂಡೆ ಕಟ್ಟುವುದು ಹೇಗೆಂದು ತೋರಿಸತೊಡಗಿದರು.

ಊಟ ಅಲ್ಲೇ ಆಯಿತು, ಅವರೆಕಾಳು ಸಾರು, ಅನ್ನ. ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹೊರಗೆ ಹತ್ತಿ ಹೊಲಗಳು, ಅಲ್ಲಲ್ಲಿ ಹೊಸ ಸೈಟಿನ ಕಲ್ಲುಗಳು. ಅತ್ತೆ ಆ ಕಲ್ಲುಗಳನ್ನು ನೋಡುತ್ತ, ಇಲ್ಲೂ ಮನೆಗಳು ಬರುತ್ತವೆ, ನೀರು ಹೋಗುವ ದಾರಿ ಬಿಟ್ಟಿದ್ದಾರೋ ಇಲ್ಲವೋ ಕೇಳಬೇಕು ಎಂದರು. ಯಾರನ್ನು ಕೇಳುತ್ತೀರಿ ಎಂದೆ. ತಿರುಗಿ ನೋಡಿದರೆ ನನ್ನ ಭುಜಕ್ಕೆ ತಲೆ ಆನಿಸಿ ನಿದ್ದೆ ಹೋಗಿದ್ದರು. ಹುಣಸೂರು ಬರುವವರೆಗೂ ನಾನು ಅಲುಗಾಡಲಿಲ್ಲ.